ಮುಚ್ಚುವ ಮುನ್ನ ಕೇಳುವ ಮಾತು

ಅಕ್ಕಾ,

ನೀನು ನಮ್ಮನ್ನು ಬಿಟ್ಟು ಹೋದಮೇಲೆ ಮೂಲೆಗುಂಪಾಗಿದ್ದ, ಡೇಟಾಬೇಸಿನಿಂದ ಮಾಹಿತಿ ತಂದುಕೊಡಲು ನೀನು ಬರೆದಿದ್ದ ಡ್ರೈವರ್‌ಗೆ ಇವತ್ತು ಜೀವ ಬಂತು. ಕಬ್ಬಿಣದ ಕಡಲೆ ಕಣೇ ನಿನ್ನ ಕೋಡ್! ಎಲ್ಲರಿಗೂ ಪುಕ್ಕಟೆ ಸಿಗುವ ಆ ಆಫೀಸ್ ತಂತ್ರಾಂಶದಲ್ಲಿ ಲೈಬ್ರರಿಯ ಪುಸ್ತಕಗಳ ಪಟ್ಟಿ ಮತ್ತೆ ತೆರೆಯಿತು. ಆದರೆ ಲೈಬ್ರರಿ ಮೇಡಂ ತಕ್ಷಣ ತಗಾದೆ ತೆಗೆದರು: "ಕೊನೇ ಪುಸ್ತಕಾನೇ ಕಾಣ್ತಿಲ್ವಲ್ರೀ!"

ಅದು ನನ್ನ ಅತಿಬುದ್ಧಿವಂತಿಕೆಯ ಫಲ. ಸಂಪರ್ಕ ಮುಚ್ಚುವ ಮುನ್ನ ನಿನ್ನ ಡ್ರೈವರ್ ಡೇಟಾಬೇಸನ್ನು, ಇನ್ನೇನಾದರೂ ಉಳಿದಿದೆಯೇ ಎಂದು ಮತ್ತೊಮ್ಮೆ ಕೇಳುತ್ತಿತ್ತು. ದುರಸ್ತಿ ಮಾಡುವಾಗ ದಂಡದ ಕೆಲಸವೆಂದು ನಾನು ಅದನ್ನು ಕಿತ್ತುಹಾಕಿದ್ದೆ. ಮರಳಿ ಸೇರಿಸಿದೆ, ಪುಸ್ತಕ ಬಂತು.

ಫೋನ್ ಇಡುವ ಮುನ್ನವೂ ನೀನು ಹಾಗೇ ಕೇಳುತ್ತಿದ್ದೆ: "ಇನ್ನೇನಾದ್ರೂ ಇದೆಯೇನೋ?"

"ಏನಿಲ್ಲ, ಇಡೇ" ಅನ್ನುತ್ತಿದ್ದೆ ನಾನು.

ಇವತ್ತೊಂದು ಸಲ ಹಾಗೆ ಕೇಳೇ, ಅಕ್ಕಾ.