ಹೊಸ ರಿಂಗ್ ಹಾಕಿದಷ್ಟೂ ಸೋರುವ ವ್ಯಾನು

ಶೆಡ್ಡಿನ ಬೆಂಚಿನ ಮೇಲಿಂದ,
ಹದಿನಾಲ್ಕನೇ ತಾರೀಕು, ಶುಕ್ರವಾರ

ಪ್ರೀತಿಯ ಮಗಳೇ,

ಹೇಗಿದ್ದೀಯಮ್ಮ? ಹಡಗಿನ ಎಂಜಿನ್ ಕೋಣೆಯ ಸೆಕೆಗೆ ಮೈತುಂಬ ಬೆವರುಸಾಲೆ ಎಂದು ಬರೆದಿದ್ದೆ, ಕಡಿಮೆಯಾಯಿತೇ? ನೀರು ಕುಡಿ, ಕೆರೆದುಕೊಳ್ಳಬೇಡ. ಅಮ್ಮ ಗಟ್ಟಿಯಾಗಿದ್ದಾಳೆ, ನನ್ನನ್ನು ಬೈಯುವ ಶಕ್ತಿ ಚೂರೂ ಕುಗ್ಗಿಲ್ಲ.

ನಮ್ಮ ವ್ಯಾನು ಸೋರುತ್ತಿರುವ ಕಥೆಯನ್ನು ಮೊದಲು ಹೇಳಿದವರು ಟೈಲರ್, ಸೋಮವಾರ ಮಧ್ಯಾಹ್ನ. ವಾರಕ್ಕೆರಡು ಸಲ ನಾನು ಡಯಾಲಿಸಿಸ್‌ಗೆ ಕರೆದೊಯ್ಯುವ ಆರು ಮಂದಿಯಲ್ಲಿ ಮೂಗು ಚುರುಕಿರುವುದು ಅವರೊಬ್ಬರದೇ. "ಏನ್ರೀ ಡ್ರೈವರೇ, ಡೀಸೆಲಲ್ಲೇ ಸ್ನಾನ ಮಾಡ್ಕೊಂಡು ಬಂದ್ರಾ?" ಎಂದರು. ಬಾನೆಟ್ ಎತ್ತಿದರೆ, ಡೀಸೆಲಿನ ಒತ್ತಡ ಕಾಯುವ ರೆಗ್ಯುಲೇಟರಿನ ಬುಡವೆಲ್ಲ ಒದ್ದೆ. ಗುರುವಾರ ಬೆಳಿಗ್ಗೆಯೊಳಗೆ ಸರಿಯಾಗದಿದ್ದರೆ ಆರು ಜನರ ರಕ್ತ ತೊಳೆಯುವ ಸರದಿ ತಪ್ಪುತ್ತದೆ.

ಮಂಗಳವಾರ ಎಂಜಿನ್ ತಣ್ಣಗಾದ ಮೇಲೆ, ನೀನು ಹೇಳಿಕೊಟ್ಟ ಹಾಗೆಯೇ ಸ್ಕ್ರೂ ಬಿಚ್ಚಿ, ಮೆಲ್ಲಗೆ ಹೊರಳಿಸಿ ರೆಗ್ಯುಲೇಟರನ್ನು ಹೊರಗೆಳೆದೆ. ಅದರ ಕುತ್ತಿಗೆಯಲ್ಲಿ ಇರಬೇಕಾದ ರಬ್ಬರ್ ರಿಂಗೇ ಇರಲಿಲ್ಲ. ಕರಗಿಹೋಯಿತೋ, ಮೊದಲೇ ಹಾಕಲು ಮರೆತಿದ್ದರೋ, ತಲೆಬುಡ ತಿಳಿಯಲಿಲ್ಲ. ಹೊಸದು ತಂದು, ಡೀಸೆಲ್ ಸವರಿ ಕೂರಿಸಿದೆ. ಮೊದಲು ಹನಿಯಾಗಿದ್ದದ್ದು ಈಗ ಧಾರೆಯಾಯಿತು. ಬುಧವಾರ ಇನ್ನೊಂದು ಹಾಕಿದೆ, ಅದೂ ಅಂಚು ಹರಿದುಕೊಂಡು ಬಂತು. ಹೊಸ ರಿಂಗ್ ಹಾಕಿದಷ್ಟೂ ಹೆಚ್ಚು ಸೋರುವ ಯಂತ್ರವನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಅಂಗಡಿಯವನ ಮೇಲೆ ಅನುಮಾನ, ಅಳತೆಯ ಮೇಲೆ ಅನುಮಾನ, ಕೊನೆಗೆ ನಿನ್ನಮ್ಮ ಟಾರ್ಚ್ ಹಿಡಿದ ರೀತಿಯ ಮೇಲೂ ಅನುಮಾನ. ಅವಳು ಟಾರ್ಚನ್ನು ನನ್ನ ಕೈಗೆ ತುರುಕಿ, "ಸರೀರಿ ಆ ಕಡೆ" ಎಂದು ಬಗ್ಗಿ ನೋಡಿ, ತಲೆಯ ಪಿನ್ನು ತೆಗೆದು ತೂತಿನೊಳಗಿಂದ ಏನನ್ನೋ ಮೀಟಿ ತೆಗೆದಳು. ಹಳೆಯ ರಿಂಗ್. ಒಳಗೇ ಅಂಟಿಕೊಂಡು ಕೂತಿತ್ತು, ನಾನು ಅದರ ಮೇಲೆಯೇ ಹೊಸದನ್ನು ಒತ್ತುತ್ತಿದ್ದೆ. "ಬೆಳಕು ನೆಟ್ಟಗೆ ಅದರ ಮೇಲೇ ಬಿದ್ದಿತ್ತಲ್ರೀ" ಎಂದಳು. ಆಮೇಲೆ ಬೈಯಲಿಲ್ಲ. ನನಗೆ ಭಯವಾದದ್ದು ಆಗಲೇ.

ಹಳೆಯದು ಹೋದ ಜಾಗಕ್ಕೆ ಮತ್ತೊಂದು ಹೊಸ ರಿಂಗ್ ಕೂರಿಸಿದೆ, ಈಗ ಹನಿಯೂ ಸೋರುವುದಿಲ್ಲ. ಮೈ ನೋಡಿಕೋ. ನಮ್ಮಿಬ್ಬರ ಆಶೀರ್ವಾದ ಸದಾ ನಿನ್ನ ಬೆನ್ನಿಗಿದೆ. ಜೊತೆಯವರನ್ನೆಲ್ಲ ಕೇಳಿದೆನೆಂದು ಹೇಳು.

ನಿನ್ನ ಅಪ್ಪ

ತಾ.ಕ.: ಅಂಚೆಗೆ ಹೊತ್ತಾಯಿತು, ಆದರೂ ಹೇಳಿಬಿಡುತ್ತೇನೆ. ಮೂರು ತಿಂಗಳಿಂದ ಮುಂದಿನ ಗಾಡಿಯ ನಂಬರೂ ನನಗೆ ಮಸುಕು ಮಸುಕು. ಯಾರಿಗೂ ಹೇಳಿರಲಿಲ್ಲ, ನನಗೆ ನಾನೇ ಹೇಳಿಕೊಂಡಿರಲಿಲ್ಲ. ಬುಧವಾರ ಸಂಜೆ ಆರೂ ಮನೆಗೆ ಹೋಗಿ ರಿಂಗಿನ ಕಥೆ, ಕಣ್ಣಿನ ಕಥೆ ಎರಡನ್ನೂ ಹೇಳಿದೆ. ಮಾರನೆಯ ಬೆಳಿಗ್ಗೆ ಎಲ್ಲರೂ ಬಂದು ವ್ಯಾನಿನ ಪಕ್ಕ ನಿಂತರು, ಒಬ್ಬರೂ ಹತ್ತಲಿಲ್ಲ. ಟೈಲರ್ ಕೈ ಚಾಚಿದರು, ಕೀಲಿ ಕೊಟ್ಟೆ. ಜೊತೆಗೆ ಬಂದಿದ್ದ ಅವರ ಸೊಸೆ ಸ್ಟೀರಿಂಗ್ ಹಿಡಿದಳು. ಆಮೇಲೆ ಹತ್ತಿದರು, ಹಿಂದೆ ಒತ್ತರಿಸಿಕೊಂಡು ನನಗೂ ಜಾಗ ಬಿಟ್ಟರು. ಆಸ್ಪತ್ರೆಯಲ್ಲಿ ತಮ್ಮ ಸರದಿಗೆ ಮೊದಲೇ ಸಾಲಿನಲ್ಲಿ ನಿಂತು, ಕಣ್ಣಿನ ಡಾಕ್ಟರಿಗೆ ನನ್ನ ಹೆಸರಿನ ಚೀಟಿ ಮಾಡಿಸಿದವರೂ ಆ ಆರು ಮಂದಿಯೇ.