ಜಾಡಿಯೊಳಗಿನ ಎಡಗೈ

ಡೆಮೆರಾರಾ ತೇಲೂರು
೩೦ ಫೆಬ್ರವರಿ ೨೨೧೪

ಇನ್ನೂ ಹುಟ್ಟದ ನನ್ನ ಮರಿಮಕ್ಕಳೇ,

ಕಡಲಿನ ಮಟ್ಟ ಏರಿದ ಮೇಲೆ ಪಂಚಾಂಗಕ್ಕೆ ಸೇರಿಸಿದ ಈ ತಾರೀಖು, ಅದರಂತೆಯೇ ನನ್ನ ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಾವು ತೇಲೂರಿನವರು, ಎಂದರೆ ಮುಳುಗಿದ ಕಬ್ಬಿನ ಗದ್ದೆಗಳ ಮೇಲೆ ಲಂಗರು ಹಾಕಿಕೊಂಡು ಬದುಕುವವರು. ಆ ಗದ್ದೆಗಳಿಗೆ ನಮ್ಮ ಮೂಲಪುರುಷ ಫುಂಗ್ ಅಕೀ ಚೀನಾದಿಂದ ಕರಾರಿನ ಕೂಲಿಯಾಗಿ ಬಂದರು; ಅವರ ಪೂರ್ತಿ ಹೆಸರೇ ಕೂಡಿಕೊಂಡು ನಮ್ಮ ಮನೆತನದ ಹೆಸರಾಯಿತು. ಗಾಣದ ಉರುಳೆಗೆ ಎಡಗೈ ಸಿಕ್ಕಿ, ಅದನ್ನು ಮೊಣಕೈಯ ಬಳಿ ಕಡಿಯಬೇಕಾಯಿತು. ಅದಕ್ಕೇ ನಮ್ಮ ಮನೆಯಲ್ಲಿ ಇಂದಿಗೂ ಹೊಸವರ್ಷದ ಊಟವನ್ನು ಎಡಗೈ ಬೆನ್ನ ಹಿಂದಿಟ್ಟುಕೊಂಡು ಉಣ್ಣುತ್ತೇವೆ. ಅವರು ತೀರಿಕೊಂಡು ಕೆಲವು ವರ್ಷಗಳಾದ ಮೇಲೆ ಜೊತೆಗಾರರು ಮೂಳೆಗಳನ್ನು ಅಗೆದು, ತೊಳೆದು, ಹಡಗಿನಲ್ಲಿ ಹುಟ್ಟೂರಿಗೆ ಕಳುಹಿಸಿದರಂತೆ. ಯಾವ ಊರೆಂಬುದು ಮಾತ್ರ ಮರೆತುಹೋಗಿತ್ತು.

ಕಳೆದ ವರ್ಷ ಅವರ ಹೆಸರು ಕೆತ್ತಿದ ಪೂಜೆಯ ಹಲಗೆ ಒರೆಸುವಾಗ ಮಸಿಯ ಕೆಳಗೆ ಊರಿನ ಹೆಸರು ಕಂಡಿತು: ಸೇಕ್‌ಥೌ. ಹೋದೆ.

ಅಲ್ಲಿಗೂ ಕಡಲು ಬಂದಿತ್ತು. ಅಸ್ಥಿಜಾಡಿಗಳನ್ನು ಗುಡ್ಡಕ್ಕೆ ಸಾಗಿಸುತ್ತಿದ್ದರು. ವಾರಸುದಾರರಿದ್ದ ಜಾಡಿಗೆ ಮಾತ್ರ ಗುಡ್ಡದಲ್ಲಿ ಜಾಗ, ಉಳಿದವು ನೀರಿಗೆ. ವಾರಸುದಾರರು ತಮ್ಮ ಕೈಯಾರೆ ಮೂಳೆಗಳನ್ನು ಹೊರತೆಗೆದು, ಪಾದದಿಂದ ತಲೆಯವರೆಗೆ ಮತ್ತೆ ಜೋಡಿಸಿ, ಸತ್ತವರನ್ನು ಜಾಡಿಯೊಳಗೆ ಕೂರಿಸಬೇಕು.

ಜಾಡಿಗಳನ್ನು ನೋಡಿಕೊಳ್ಳುವ ಮುದುಕಿ ಯುಕ್‌ಹಾ ನನ್ನನ್ನು ಕಂಡು ನಕ್ಕಳು. "ಈಗ ಬಂದ್ಯಾ ತಾಯಿ? ಮುನ್ನೂರು ವರ್ಷ ನಿಮ್ಮಜ್ಜಂಗೆ ಎಡೆ ಬಡಿಸೀ ಬಡಿಸೀ ನಮ್ಮ ವಂಶದೋರ ಸೊಂಟ ಬಿದ್ದೋಯ್ತು. ಏನ್ ಹೊಟ್ಟೆಬಾಕ ಕಣಮ್ಮ!"

ಫುಂಗ್ ಅಕೀ ಎಂದು ಬರೆದಿದ್ದ ಜಾಡಿಯ ಮೂಳೆಗಳನ್ನು ಬಟ್ಟೆಯ ಮೇಲೆ ಹರಡಿಕೊಂಡೆ. ಪಾದಗಳನ್ನಿಟ್ಟೆ, ತೊಡೆಗಳನ್ನಿಟ್ಟೆ, ಬೆನ್ನುಮೂಳೆ ಪೋಣಿಸಿದೆ. ಬಲಗೈ ಇಟ್ಟೆ. ಬಟ್ಟೆಯ ಮೇಲೆ ಇನ್ನೊಂದು ಕೈ ಉಳಿದಿತ್ತು. ಮೊಣಕೈ, ಮಣಿಕಟ್ಟು, ಕಿರುಬೆರಳಿನ ತುದಿಯವರೆಗೆ ಪೂರ್ತಿ.

ಆ ಎಡಗೈಯ ಮೂಳೆಗಳನ್ನು ಮತ್ತೊಮ್ಮೆ ಎಣಿಸಿದೆ.

"ಯಾಕಮ್ಮ, ಏನಾದ್ರೂ ಕಮ್ಮಿ ಬಿತ್ತಾ?" ಎಂದಳು ಯುಕ್‌ಹಾ.

ಏನೂ ಕಮ್ಮಿ ಬಿದ್ದಿರಲಿಲ್ಲ. ಮುನ್ನೂರು ವರ್ಷ ಈ ಊರು ನಮ್ಮ ಹೆಸರಿನಲ್ಲಿ ಅಪರಿಚಿತನೊಬ್ಬನಿಗೆ ಬಡಿಸಿತ್ತು. ಅವನ ತಾಯಿ ಬೇರೆ ಯಾವುದೋ ಊರಿನ ಕಟ್ಟೆಯ ಮೇಲೆ ಕಾದು ಕಾದು ಸತ್ತಿರಬೇಕು. ನಮ್ಮವರು ಎಲ್ಲಿದ್ದಾರೋ ನನಗೆ ತಿಳಿಯದು. ನಿಜ ಹೇಳಿದರೆ ಈ ಜಾಡಿ ನೀರಿಗೆ.

"ಎಲ್ಲ ಸರಿಯಾಗಿದೆ" ಎಂದೆ. ಆ ಎಡಗೈಯನ್ನು ಅವನ ಪಕ್ಕಕ್ಕಿಟ್ಟು, ಮೇಲೆ ತಲೆಯಿಟ್ಟು, ಮುಚ್ಚಳ ಮುಚ್ಚಿದೆ. ಅವನು ಗುಡ್ಡ ಹತ್ತಿದ.

ಇದನ್ನು ಬರೆಯುವಾಗಲೂ ಆ ಬೆರಳುಗಳ ತಣುಪು ನನ್ನ ಅಂಗೈಯಲ್ಲಿದೆ. ಒಂದು ಬೇಡಿಕೆಯಿದೆ, ಮಕ್ಕಳೇ. ಹೊಸವರ್ಷದ ಊಟಕ್ಕೆ ಒಂದು ಎಲೆ ಹೆಚ್ಚಿಗೆ ಹಾಕಿ; ಅದರ ಮುಂದೆ ಕೂರುವವನು ಎರಡೂ ಕೈಗಳಿಂದ ಉಣ್ಣಲಿ. ಇನ್ನು ಯಾವ ಊರಿನಲ್ಲಾದರೂ, ಯಾರದೋ ಹೆಸರಿನ ಜಾಡಿಯಲ್ಲಿ ಎಡಗೈಯಿಲ್ಲದ ಒಬ್ಬರು ನಿಮಗೆ ಸಿಕ್ಕರೆ, ಬಾಯಿ ಬಿಡಬೇಡಿ. ಕೂರಿಸಿ, ಮುಚ್ಚಳ ಮುಚ್ಚಿ.

ನಿಮ್ಮ
ಐರಿಸ್ ಫುಂಗಕೀ