ಫ್ಯೂಸ್ ಹೋದದ್ದು ನಿನ್ನಿಂದಲ್ಲ

ಸೊಸೆಯಾದರೂ ಮಗಳಿಗಿಂತ ಹೆಚ್ಚಾದವಳೇ,

ಕಾಗದ ನೋಡಿ ಗಾಬರಿಯಾಗಬೇಡ. ಮನೆಯಲ್ಲಿ ಎಲ್ಲರೂ ಕ್ಷೇಮ, ಒಬ್ಬ ಅಪರಾಧಿಯ ಹೊರತು.

ಮೊನ್ನೆ ಸಂಜೆ ಫ್ಯೂಸ್ ಹೋದಾಗ, "ಈ ಮನೆಗೆ ಕೊಳ್ಳಿ ಇಡೋದು ನಿನ್ನ ಇಸ್ತ್ರಿ ಪೆಟ್ಟಿಗೇನೇ!" ಎಂದು ಬೀದಿಯೆಲ್ಲ ಕೇಳುವಂತೆ ಗುಡುಗಿದೆನಲ್ಲ? ನೀನು ಗಿರಾಕಿಗಳ ಬಟ್ಟೆಗಂಟಿನ ಸಮೇತ ಪೆಟ್ಟಿಗೆ ಎತ್ತಿಕೊಂಡು ಗೆಳತಿಯ ಮನೆಗೆ ಹೊರಟುಹೋದೆ.

ಆಮೇಲೆ ನಾನೇ ವೀರಾವೇಶದಿಂದ ಫ್ಯೂಸಿಗೆ ಕೈ ಚಾಚಿದೆ. "ಮೊದ್ಲು ಮೇನ್ ಆರ್ಸಿ, ಆಮೇಲೆ ಡೈಲಾಗ್ ಹೊಡೀರಿ," ಎಂದಳು ನಿನ್ನತ್ತೆ. ಆರಿಸಿ, ಕಿತ್ತು ನೋಡಿದರೆ ತಂತಿ ಕರಗಿ ತುಂಡಾಗಿತ್ತು. ದಪ್ಪ ತಂತಿ ಸುತ್ತಿ ಕೈತೊಳೆದುಕೊಳ್ಳೋಣವೆಂದರೆ ಅವಳು ಬಿಡಲಿಲ್ಲ. ಮೊದಲಿದ್ದ ಅಳತೆಯದನ್ನೇ ತರಿಸಿದಳು. ಎಲ್ಲ ಪ್ಲಗ್ ಕಿತ್ತು, ಹೊಸ ತಂತಿ ಹಾಕಿ, ಮೇನ್ ಕೊಟ್ಟು, ಒಂದೊಂದೇ ಪ್ಲಗ್ ಚುಚ್ಚುತ್ತ ಬಂದೆವು. ಫ್ಯಾನು, ಮಿಕ್ಸರು, ಎಲ್ಲವೂ ನಿರಪರಾಧಿಗಳು. ಕೊನೆಗೆ ನನ್ನ ನಾಟಕದ ಮೈಕ್ ಸೆಟ್ಟು ಚುಚ್ಚಿದೆ. ಟಪ್! ಮತ್ತೆ ಕತ್ತಲು. ಅದರ ವೈರನ್ನು ಇಲಿ ಕಡಿದಿತ್ತು.

ನೀನು ಇಸ್ತ್ರಿ ಮಾಡುತ್ತಿದ್ದಾಗಲೂ ನಾನು ಒಳಕೋಣೆಯಲ್ಲಿ ಅದನ್ನೇ ಹಚ್ಚಿದ್ದೆ, ಆ ವಿಷಯ ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಕತ್ತಲಲ್ಲಿ ನಿನ್ನತ್ತೆ ನನ್ನನ್ನು ನೋಡಿದ್ದು ಕಾಣಲಿಲ್ಲ, ತಾಗಿತು.

ಫ್ಯೂಸಿಗೆ ಈಗ ಹೊಸ ತಂತಿ ಬಿದ್ದಿದೆ. ಮೈಕ್ ಸೆಟ್ಟು ಅಟ್ಟ ಸೇರಿದೆ. ನಿನ್ನ ಮೇಜು ಕಿಟಕಿಯ ಪಕ್ಕ ಹಾಗೇ ಇದೆ. ಬೈದದ್ದು ಬೀದಿಗೆಲ್ಲ ಕೇಳಿದ ಮೇಲೆ ತಪ್ಪೊಪ್ಪಿಗೆಯನ್ನು ಕಾಗದದಲ್ಲಿ ಮುಗಿಸುವುದು ನ್ಯಾಯವಲ್ಲ. ನೀನು ಪೆಟ್ಟಿಗೆ ಹಿಡಿದು ಬರುವಾಗ ಬಾಗಿಲಲ್ಲೇ ನಿಂತು ಅಷ್ಟೇ ಗಟ್ಟಿಯಾಗಿ ಹೇಳುತ್ತೇನೆ. ಮೈಕ್ ಇಲ್ಲದೆ.

ಇಂತಿ,
ತಲೆತಗ್ಗಿಸಿರುವ ನಿನ್ನ ಮಾವ